ಅಂಗಾಲಿನ ಕೀವುಗುಳ್ಳೆ: ಮುಲಾಮು, ಬೆಳಕು, ಮಾತ್ರೆ, ಇಂಜೆಕ್ಷನ್ – ಯಾರಿಗೆ ಯಾವುದು?

ಮೊದಲ ಸಲ ಗುಳ್ಳೆ ಕಂಡಾಗ ನಾನು ಚಪ್ಪಲಿಯನ್ನು ಬೈದೆ. ಹೊಸದು, ಕಚ್ಚಿರಬೇಕು ಅಂದುಕೊಂಡೆ. ಎಡಗಾಲಿನ ಅಡಿಯಲ್ಲಿ, ನಡುವೆ ಗುಳಿ ಇರುತ್ತಲ್ಲ ಅಲ್ಲಿ, ಸಾಸಿವೆ ಕಾಳಿನಷ್ಟು ಹಳದಿ ಗುಳ್ಳೆಗಳು, ಹತ್ತೋ ಹನ್ನೆರಡೋ ಇದ್ದವು. ಒಂದು ವಾರದಲ್ಲಿ ಒಣಗಿ ಕಂದು ಚುಕ್ಕೆಯಾದವು, ಚರ್ಮ ಹಪ್ಪಳದ ಹಾಗೆ ಎದ್ದು ಬಂತು, ಅದರ ಕೆಳಗೆ ಮತ್ತೆ ಹೊಸ ಗುಳ್ಳೆ. ಎರಡು ತಿಂಗಳಲ್ಲಿ ಬಲಗಾಲೂ ಸೇರಿಕೊಂಡಿತು. ನಾನು ಹೈಸ್ಕೂಲ್ ಟೀಚರ್, ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ ಮಾಡಬೇಕು. ಹಿಮ್ಮಡಿ ಒಡೆದು ರಕ್ತ ಬಂದ ದಿನ ಕುರ್ಚಿಯಲ್ಲಿ ಕೂತು ಬೀಜಗಣಿತ ಹೇಳಿಕೊಟ್ಟೆ. ಹೆಡ್‌ಮಿಸ್ ಬಂದರೆ ಹೇಳೋಣ ಅಂತ ಹಿಂದಿನ ಬೆಂಚಿನ ಹುಡುಗರು ಬಾಗಿಲ ಕಡೆ ಕಣ್ಣಿಟ್ಟಿದ್ದರು.

ಈ ಕಾಯಿಲೆಯ ಹೆಸರು ಪಾಲ್ಮೊಪ್ಲಾಂಟರ್ ಪಸ್ಟುಲೋಸಿಸ್. ಡಾಕ್ಟರ್‌ಗಳು ಚಿಕ್ಕದಾಗಿ ಪಿಪಿಪಿ ಅನ್ನುತ್ತಾರೆ. ಅಂಗೈ, ಅಂಗಾಲು, ಎರಡರಲ್ಲೂ ಬರಬಹುದು, ನನ್ನಂಥವರಿಗೆ ಕಾಲಿಗೆ ಮಾತ್ರ. ನೋಡಲು ಕೀವು, ಆದರೆ ಒಳಗೆ ಕ್ರಿಮಿ ಇಲ್ಲ. ನಮ್ಮದೇ ಬಿಳಿ ರಕ್ತಕಣಗಳು ಯಾರ ಮೇಲೋ ಯುದ್ಧಕ್ಕೆ ಹೊರಟು, ಶತ್ರು ಸಿಗದೆ, ಬೆವರಿನ ನಾಳ ಚರ್ಮದಿಂದ ಹೊರಗೆ ಬರುವ ಜಾಗದಲ್ಲಿ ಗುಂಪು ಕಟ್ಟಿರುತ್ತವೆ. ಹಾಗಾಗಿ ಇದು ಅಂಟುವುದಿಲ್ಲ. ಮನೆಯಲ್ಲಿ ಚಪ್ಪಲಿ ಬೇರೆ ಇಡಬೇಕಿಲ್ಲ, ಟವೆಲ್ ಬೇರೆ ಮಾಡಬೇಕಿಲ್ಲ. ಇದನ್ನು ನಮ್ಮ ಅತ್ತೆಗೆ ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು.

ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಜಪಾನಿನಲ್ಲಿ ಸ್ವಲ್ಪ ಹೆಚ್ಚು, ಅಲ್ಲೂ ಸುಮಾರು ಸಾವಿರಕ್ಕೆ ಒಬ್ಬರು. ಅಷ್ಟು ಅಪರೂಪ ಆಗಿರುವುದರಿಂದಲೇ ತೊಂದರೆ: ಔಷಧಿಗಳ ಮೇಲೆ ದೊಡ್ಡ ಪರೀಕ್ಷೆಗಳು ಕಡಿಮೆ ನಡೆದಿವೆ, ನಮ್ಮ ಕಡೆ ಸಿಗುವ ಬಹಳಷ್ಟು ಔಷಧಿಗಳು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಯಿಂದ ಸಾಲ ತಂದವು. "ಇದಕ್ಕೆ ಇದೇ ಮದ್ದು" ಅಂತ ಯಾರಾದರೂ ಎದೆ ತಟ್ಟಿ ಹೇಳಿದರೆ ಎದ್ದು ಬನ್ನಿ.

ಮೊದಲು ಇದು ಅದೇನಾ?

ಔಷಧಿ ಹೋಲಿಸುವ ಮೊದಲು ಕಾಯಿಲೆ ಹೋಲಿಸಬೇಕು. ನನ್ನ ಒಂದೂವರೆ ವರ್ಷ ಹಾಳಾಗಿದ್ದು ಇಲ್ಲೇ. ಮೆಡಿಕಲ್ ಶಾಪಿನ ಹುಡುಗ "ಅಕ್ಕಾ, ಇದು ಹುಳುಕಡ್ಡಿ, ಇದನ್ನ ಹಚ್ಚಿ" ಅಂತ ಒಂದು ಟ್ಯೂಬ್ ಕೊಟ್ಟ. ಅದರಲ್ಲಿ ಫಂಗಸ್ ಔಷಧಿ, ಆಂಟಿಬಯೋಟಿಕ್, ಸ್ಟೀರಾಯ್ಡ್, ಮೂರೂ ಚಿತ್ರಾನ್ನದ ಹಾಗೆ ಕಲಸಿದ್ದವು. ಸ್ಟೀರಾಯ್ಡ್ ಇದ್ದಿದ್ದಕ್ಕೆ ಒಂದು ವಾರ ಕಡಿಮೆಯಾಯಿತು, ಬಿಟ್ಟ ಕೂಡಲೇ ಎರಡರಷ್ಟು ಬಂತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿಯೇನೋ ಇದೆ, ಅಂಗಡಿಯಲ್ಲಿ ಚೀಟಿ ಕೇಳುವವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು.

ಅಂಗಾಲಿನಲ್ಲಿ ಇದೇ ತರ ಕಾಣುವ ಬೇರೆ ಕಾಯಿಲೆಗಳಿವೆ. ಫಂಗಸ್ ಆಗಿದ್ದರೆ ಹೆಚ್ಚಾಗಿ ಬೆರಳ ಸಂದಿಯಲ್ಲೂ ಇರುತ್ತದೆ, ಒಂದೇ ಕಾಲಿನಲ್ಲೂ ಇರಬಹುದು. ಚರ್ಮದ ಸಿಪ್ಪೆ ಕೆರೆದು ಕೆಒಎಚ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಖರ್ಚೂ ಕಡಿಮೆ. ಅದನ್ನು ಕೇಳಿ ಮಾಡಿಸಿಕೊಳ್ಳಿ. ಇಸುಬು ಆಗಿದ್ದರೆ ಗುಳ್ಳೆಯೊಳಗೆ ಕೀವಲ್ಲ, ನೀರು ಇರುತ್ತದೆ, ತುರಿಕೆ ವಿಪರೀತ. ರಬ್ಬರ್ ಚಪ್ಪಲಿಯ ಅಲರ್ಜಿಯಾದರೆ ಚಪ್ಪಲಿ ತಾಗುವ ಜಾಗದ ಆಕಾರದಲ್ಲೇ ಕೆಂಪಾಗುತ್ತದೆ, ಚಪ್ಪಲಿ ಮುಟ್ಟದ ಗುಳಿಯ ಜಾಗ ಚೆನ್ನಾಗೇ ಉಳಿಯುತ್ತದೆ. ಪಿಪಿಪಿ ಉಲ್ಟಾ, ಆ ಗುಳಿಯೇ ಅದಕ್ಕೆ ಇಷ್ಟ. ಹಳದಿ ಗುಳ್ಳೆ, ಕಂದು ಚುಕ್ಕೆ, ಸುಲಿದ ಚರ್ಮ ಮೂರೂ ಒಟ್ಟಿಗೆ ಒಂದೇ ಕಾಲಿನಲ್ಲಿ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಗೊಂದಲ ಇದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ.

ಇನ್ನೊಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ: ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬು ಎದೆಮೂಳೆಗೆ ಸೇರುವ ಕಡೆ, ನೋವು ಇದೆಯಾ? ಪಿಪಿಪಿ ಇರುವ ಕೆಲವರಿಗೆ ಆ ಕೀಲಿನಲ್ಲಿ, ಬೆನ್ನಿನಲ್ಲಿ ಉರಿಯೂತ ಬರುತ್ತದೆ. ಚರ್ಮ, ಮೂಳೆ ಎರಡೂ ಸೇರಿದ ಈ ತೊಂದರೆಗೆ 1987ರಲ್ಲಿ ಫ್ರಾನ್ಸಿನ ಡಾಕ್ಟರ್‌ಗಳು ಸಾಫೋ ಅಂತ ಹೆಸರಿಟ್ಟರು. ನನಗೆ ಇಲ್ಲ, ಆದರೆ ಇದ್ದರೆ ಔಷಧಿಯ ಆಯ್ಕೆಯೇ ಬದಲಾಗುತ್ತದೆ, ಮುಲಾಮು ಮೂಳೆಗೆ ತಲುಪುವುದಿಲ್ಲವಲ್ಲ.

"ಯಾವುದು ಸ್ಟ್ರಾಂಗ್" ಅಂತ ಕೇಳಬೇಡಿ

ನಾನು ಎಲ್ಲರನ್ನೂ ಕೇಳಿದ ಪ್ರಶ್ನೆ ಅದೇ. ಈಗ ಅನಿಸುವುದು, ಕೇಳಬೇಕಾಗಿದ್ದು ಬೇರೆ: ಇದನ್ನು ನಾನು ಒಂದು ವರ್ಷ ಬಿಡದೆ ಮಾಡಲು ಆಗುತ್ತಾ? ಬಿಟ್ಟರೆ ಏನಾಗುತ್ತದೆ? ಈ ಕಾಯಿಲೆ ವರ್ಷಗಟ್ಟಲೆ ಇರುತ್ತದೆ, ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಏರಿದಾಗ ಏನು ಹಚ್ಚಿದರೂ ಮುಂದಿನ ತಿಂಗಳು ಸ್ವಲ್ಪ ಇಳಿದಂತೆ ಕಾಣುತ್ತದೆ, ಹೆಸರು ಆ ಮದ್ದಿಗೆ ಹೋಗುತ್ತದೆ. "ನಮ್ಮ ಚಿಕ್ಕಮ್ಮನಿಗೆ ಇದರಲ್ಲೇ ವಾಸಿಯಾಯಿತು" ಅನ್ನುವ ಮಾತುಗಳ ಹಿಂದೆ ಅರ್ಧ ಕಥೆ ಇದೇ. ಔಷಧಿಯ ಪರೀಕ್ಷೆಗಳಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಿಗೂ ಸಾಕಷ್ಟು ಮಂದಿಗೆ ಕಡಿಮೆಯಾಗಿದೆ. ಬ್ರಿಟನ್ನಿನಲ್ಲಿ ಅನಾಕಿನ್ರಾ ಅನ್ನುವ ಇಂಜೆಕ್ಷನ್ನಿನ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದರು, ಕೊನೆಗೆ ಅದು ಸುಳ್ಳು ಇಂಜೆಕ್ಷನ್ನಿಗಿಂತ ಮೇಲು ಅಂತ ತೋರಿಸಲು ಆಗಲಿಲ್ಲ.

ಹಾಗಾಗಿ ನಾನು ಪ್ರತಿ ಭಾನುವಾರ ಬೆಳಿಗ್ಗೆ, ಒಂದೇ ಕಿಟಕಿಯ ಹತ್ತಿರ, ಎರಡೂ ಅಂಗಾಲಿನ ಫೋಟೋ ತೆಗೆಯುತ್ತೇನೆ. ನೆನಪು ಸುಳ್ಳು ಹೇಳುತ್ತದೆ, ಫೋಟೋ ಹೇಳುವುದಿಲ್ಲ.

ಮುಲಾಮು: ಅಗ್ಗ, ಹತ್ತಿರ, ಆದರೆ ಶಿಸ್ತು ಬೇಕು

ಎಲ್ಲರೂ ಶುರು ಮಾಡುವುದು ಇಲ್ಲಿಂದ, ಶುರು ಮಾಡಬೇಕಾದ್ದೂ ಇಲ್ಲಿಂದ. ಅಂಗಾಲಿನ ಚರ್ಮ ದಪ್ಪ. ಮುಖಕ್ಕೆ ಹಚ್ಚುವ ಮೆದು ಸ್ಟೀರಾಯ್ಡ್ ಇಲ್ಲಿ ಒಳಗೇ ಇಳಿಯುವುದಿಲ್ಲ. ಅದಕ್ಕೇ ಕ್ಲೊಬೆಟಸಾಲ್‌ನಂಥ ತುಂಬಾ ಜೋರಿನದನ್ನು ಬರೆಯುತ್ತಾರೆ, 0.05 ಶೇಕಡಾ ಅಂತ ಟ್ಯೂಬಿನ ಮೇಲೆ ಇರುತ್ತದೆ. ಕ್ರೀಮ್, ಆಯಿಂಟ್ಮೆಂಟ್ ಎರಡೂ ಸಿಗುತ್ತವೆ. ಜಿಡ್ಡಾದ ಆಯಿಂಟ್ಮೆಂಟೇ ಅಂಗಾಲಿಗೆ ಒಳ್ಳೆಯದು. ಜೊತೆಗೆ ಸ್ಯಾಲಿಸಿಲಿಕ್ ಆಸಿಡ್ ಇದ್ದರೆ ದಪ್ಪ ಸಿಪ್ಪೆಯನ್ನು ಕರಗಿಸಿ ದಾರಿ ಬಿಡಿಸುತ್ತದೆ, ಒಡೆದ ಜಾಗಕ್ಕೆ ತಾಗಿದರೆ ಮಾತ್ರ ಮೆಣಸಿನಪುಡಿ ಹಾಕಿದ ಹಾಗೆ ಉರಿ.

ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಸಾಲು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಅಂಗಾಲಿಗೆ ಅಷ್ಟು ಸಾಕು. ರಾತ್ರಿ ಹಚ್ಚಿ, ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಹತ್ತಿ ಸಾಕ್ಸ್. ಹೀಗೆ ಮುಚ್ಚಿದರೆ ಅದೇ ಔಷಧಿ ಎಷ್ಟೋ ಪಟ್ಟು ಹೆಚ್ಚು ಒಳಗೆ ಹೋಗುತ್ತದೆ. ಅದಕ್ಕೇ ಡಾಕ್ಟರನ್ನು ಕೇಳದೆ ಸುತ್ತಬೇಡಿ. ಕ್ಲೊಬೆಟಸಾಲ್ ಅನ್ನು ಬಿಡದೆ ಎರಡು ವಾರ, ವಾರಕ್ಕೆ 50 ಗ್ರಾಂ ಒಳಗೆ, ಅನ್ನುವುದು ಸಾಮಾನ್ಯ ಮಿತಿ. ನನಗೆ ಎರಡು ವಾರ ದಿನವೂ, ಆಮೇಲೆ ಶನಿವಾರ ಭಾನುವಾರ ಮಾತ್ರ ಅಂತ ಬರೆದುಕೊಟ್ಟರು. ಮಧ್ಯದ ದಿನಗಳಲ್ಲಿ ಯೂರಿಯಾ ಇರುವ ಕ್ರೀಮ್ ಅಥವಾ ಬರೀ ವ್ಯಾಸಲೀನ್. ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೊಟ್ರಿಯಾಲ್ ಮುಲಾಮೂ ಇದೆ, ಸ್ಟೀರಾಯ್ಡ್‌ಗೆ ರಜೆ ಕೊಡಲು ಬಳಸುತ್ತಾರೆ. ನಿಧಾನ, ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಮುಲಾಮಿನ ಮಿತಿ ಏನೆಂದರೆ, ಸ್ವಲ್ಪ ಇದ್ದಾಗ ಹಿಡಿದಿಡುತ್ತದೆ, ಜೋರಾಗಿದ್ದಾಗ ಸೋಲುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಡಕು ಇನ್ನೂ ಜಾಸ್ತಿ. ಎರಡು ತಿಂಗಳು ಸರಿಯಾಗಿ ಹಚ್ಚಿಯೂ ನಡೆಯಲು ಆಗುತ್ತಿಲ್ಲ ಅಂದರೆ ಮುಂದಿನ ಮೆಟ್ಟಿಲಿಗೆ ಹೋಗುವುದೇ ಸರಿ, ಇನ್ನೊಂದು ಕಂಪನಿಯ ಅದೇ ಮುಲಾಮನ್ನು ಹುಡುಕುವುದಲ್ಲ.

ಬೆಳಕು: ದೇಹಕ್ಕೆ ಹಗುರ, ಬಸ್ಸಿಗೆ ಭಾರ

ಪೂವಾ ಅನ್ನುತ್ತಾರೆ. ಸೋರಲೆನ್ ಅನ್ನುವ ಔಷಧಿ ಕರಗಿಸಿದ ನೀರಿನಲ್ಲಿ ಕಾಲನ್ನು 15–20 ನಿಮಿಷ ಅದ್ದಿಟ್ಟು, ಆಮೇಲೆ ಯುವಿಎ ಬೆಳಕಿನ ಪೆಟ್ಟಿಗೆಯಲ್ಲಿ ಇಡುವುದು. ಸೋರಲೆನ್ ಚರ್ಮವನ್ನು ಬೆಳಕಿಗೆ ಎಚ್ಚರ ಮಾಡುತ್ತದೆ, ಬೆಳಕು ಅಲ್ಲಿನ ಉರಿಯೂತದ ಕಣಗಳನ್ನು ಅಡಗಿಸುತ್ತದೆ. ಈ ಸೋರಲೆನ್ ನಮ್ಮ ಆಯುರ್ವೇದದ ಬಾವಂಚಿ ಬೀಜದಲ್ಲಿ ಇರುವಂಥದ್ದೇ. ಹಾಗಂತ ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕಾಲು ಚಾಚಿ ಕೂರಬೇಡಿ. ಎಷ್ಟು ಔಷಧಿ, ಎಷ್ಟು ಬಿಸಿಲು ಅನ್ನುವ ಅಳತೆಯೇ ಇಲ್ಲದೆ ಸುಟ್ಟ ಗಾಯ ಮಾಡಿಕೊಂಡವರಿದ್ದಾರೆ. ಡಾಕ್ಟರ್ ಹೇಳಿಕೊಟ್ಟ ಹಾಗೆ ನಿಮಿಷ ಎಣಿಸಿ ಬಿಸಿಲಿನಲ್ಲೇ ಮಾಡುವ ಕ್ರಮವೂ ನಮ್ಮ ದೇಶದಲ್ಲಿದೆ, ಅದು ಬೇರೆ ಮಾತು.

ವಾರಕ್ಕೆ ಎರಡು ಮೂರು ಸಲ. ಫಲ ಕಾಣಲು ಆರೆಂಟು ವಾರ. ಲೆಕ್ಕ ಹಾಕಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಸಲ ಆಸ್ಪತ್ರೆಗೆ ಹೋಗಬೇಕು. ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲೋ ದೊಡ್ಡ ಸ್ಕಿನ್ ಕ್ಲಿನಿಕ್ಕಿನಲ್ಲೋ ಮಾತ್ರ ಪೆಟ್ಟಿಗೆ ಇರುತ್ತದೆ. ನಾನು ಬೇಸಿಗೆ ರಜೆಯಲ್ಲಿ ಮಾಡಿಸಿಕೊಂಡೆ. ಬೆಳಿಗ್ಗೆ ಬಸ್ಸು, ಟಬ್ಬಿನಲ್ಲಿ ಕಾಲು, ಪೆಟ್ಟಿಗೆಯಲ್ಲಿ ಮೊದಲು ಒಂದೆರಡು ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ, ಮುಗಿದ ಮೇಲೆ ದಪ್ಪ ಸಾಕ್ಸ್ ಹಾಕಿ ಬಿಸಿಲು ತಾಗದ ಹಾಗೆ ಮನೆಗೆ. ಎಂಟನೇ ವಾರಕ್ಕೆ ಹೊಸ ಗುಳ್ಳೆ ನಿಂತೇ ಹೋದವು. ಜೂನ್‌ನಲ್ಲಿ ಶಾಲೆ ಶುರುವಾಯಿತು, ಬೆಳಕು ನಿಂತಿತು, ದಸರಾ ಹೊತ್ತಿಗೆ ಗುಳ್ಳೆ ವಾಪಸ್.

ಕಾಲನ್ನು ಮಾತ್ರ ಅದ್ದುವುದರಿಂದ ಔಷಧಿ ಮೈಗೆ ಹೆಚ್ಚು ಸೇರುವುದಿಲ್ಲ, ವಾಕರಿಕೆ ಇಲ್ಲ. ಸೋರಲೆನ್ ಮಾತ್ರೆ ನುಂಗಿ ಮಾಡುವ ಪದ್ಧತಿಯಲ್ಲಿ ಅವತ್ತಿಡೀ ಕಣ್ಣಿಗೆ ಕಪ್ಪು ಕನ್ನಡಕ ಬೇಕು. ವರ್ಷಾನುಗಟ್ಟಲೆ ನೂರಾರು ಸಲ ಮಾಡಿಸಿದರೆ ಚರ್ಮದ ಕ್ಯಾನ್ಸರ್ ಭಯ ಹೆಚ್ಚುತ್ತದೆ, ಒಟ್ಟು ಎಷ್ಟು ಸಲ ಆಯಿತು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಸೋರಿಯಾಸಿಸ್‌ಗೆ ಈಗ ಹೆಚ್ಚು ಬಳಸುವ ನ್ಯಾರೋಬ್ಯಾಂಡ್ ಯುವಿಬಿ ಅಂಗಾಲಿನ ದಪ್ಪ ಚರ್ಮದೊಳಗೆ ಅಷ್ಟು ಇಳಿಯುವುದಿಲ್ಲ, ಅದನ್ನೇ ಕೊಡುತ್ತೇವೆ ಅಂದರೆ ಪೂವಾ ಇದೆಯಾ ಅಂತ ಒಂದು ಮಾತು ಕೇಳಿ.

ಮಾತ್ರೆಗಳು: ಇಲ್ಲಿ ನಿಮ್ಮ ವಯಸ್ಸು, ಲಿವರ್, ಬಿಪಿ ಎಲ್ಲ ಮಾತಾಡುತ್ತವೆ

ಅಸಿಟ್ರೆಟಿನ್. ವಿಟಮಿನ್ ಎ ಜಾತಿಯದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದಿಲ್ಲ, ಅದೇ ಇದರ ದೊಡ್ಡ ಗುಣ. ಟಿಬಿ ಬಂದು ಹೋದವರಿಗೆ, ಮತ್ತೆ ಮತ್ತೆ ಸೋಂಕು ಬರುವವರಿಗೆ ಡಾಕ್ಟರ್‌ಗಳು ಮೊದಲು ಯೋಚಿಸುವುದು ಇದನ್ನೇ. ದೊಡ್ಡ ದೋಷವೂ ಒಂದೇ, ಆದರೆ ಅದು ಎಲ್ಲವನ್ನೂ ಮೀರಿದ್ದು: ಹೊಟ್ಟೆಯಲ್ಲಿರುವ ಮಗುವಿಗೆ ಭಾರಿ ಹಾನಿ. ಔಷಧಿ ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು. ಜೊತೆಗೆ ಮದ್ಯ ಸೇರಿದರೆ ದೇಹದಲ್ಲಿ ಅದು ಇನ್ನೂ ಹೆಚ್ಚು ಕಾಲ ಉಳಿಯುವ ರೂಪಕ್ಕೆ ತಿರುಗುತ್ತದೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಇದನ್ನು ಸುಮ್ನೆ ಬರೆದು ಕೊಟ್ಟರೆ ಆ ಚೀಟಿಯನ್ನು ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ. ನನಗೆ ಮುಟ್ಟು ನಿಂತಿತ್ತು, ಹಾಗಾಗಿ ತೊಂದರೆ ಇರಲಿಲ್ಲ. 25 ಮಿಲಿಗ್ರಾಂ, ಊಟದ ಜೊತೆ. ತುಟಿ ಒಡೆದು ಒಡೆದು ಸಾಕಾಯಿತು, ತುಪ್ಪ ಹಚ್ಚಿದೆ, ವ್ಯಾಸಲೀನ್ ಹಚ್ಚಿದೆ, ಮೂರನೇ ತಿಂಗಳು ಬಾಚಣಿಗೆ ತುಂಬ ಕೂದಲು. ಕೊಬ್ಬಿನ ಅಂಶ ಏರುತ್ತದೆ, ಲಿವರ್ ಟೆಸ್ಟ್ ಬೇಕು. ಆದರೆ ಕಾಲು ಸುಧಾರಿಸಿತು. ಪೂವಾ ಜೊತೆ ಸೇರಿಸಿದರೆ ಎರಡೂ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತವೆ, ನನಗೆ ಮುಂದಿನ ಬೇಸಿಗೆಯಲ್ಲಿ ಮಾಡಿದ್ದು ಅದೇ.

ಮೆಥೊಟ್ರೆಕ್ಸೇಟ್. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಕೀಲುನೋವು ಕೂಡ ಇದ್ದವರಿಗೆ ಎರಡಕ್ಕೂ ಆಗುತ್ತದೆ. ಪಿಪಿಪಿಗೆ ಮಾತ್ರ ಇದರ ಪರವಾಗಿ ಇರುವ ಸಾಕ್ಷಿ ತೆಳು, ಡಾಕ್ಟರ್‌ಗಳು ಸೋರಿಯಾಸಿಸ್‌ನ ಅನುಭವದ ಮೇಲೆ ಕೊಡುತ್ತಾರೆ. ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಇದು ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಇಳಿದು ಜೀವಕ್ಕೇ ಕುತ್ತು. ಮನೆಯಲ್ಲಿ ವಯಸ್ಸಾದವರಿಗೆ ಕೊಡುವುದಾದರೆ ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ "ಸೋಮವಾರ ಮಾತ್ರ" ಅಂತ ಬರೆಯಿರಿ. ಫೋಲಿಕ್ ಆಸಿಡ್ ಜೊತೆಗೆ ಕೊಡುತ್ತಾರೆ. ಮದ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ, ಬಸುರಿಯರಿಗೆ ಬೇಡ.

ಸೈಕ್ಲೋಸ್ಪೊರಿನ್ ಬೆಂಕಿ ಆರಿಸುವ ವಾಹನದ ಹಾಗೆ. ಕೆಲವೇ ವಾರದಲ್ಲಿ ಗುಳ್ಳೆ ಇಳಿಯುತ್ತದೆ, ಮಗಳ ಮದುವೆ ಇದೆ, ನಿಲ್ಲಲೇಬೇಕು ಅನ್ನುವಂಥ ಹೊತ್ತಿಗೆ ಇದಕ್ಕಿಂತ ಬೇಗನೆ ಕೆಲಸ ಮಾಡುವ ಮಾತ್ರೆ ಕಡಿಮೆ. ಆದರೆ ಬಿಪಿ ಏರಿಸುತ್ತದೆ, ಕಿಡ್ನಿಗೆ ಭಾರ, ನಿಲ್ಲಿಸಿದರೆ ಗುಳ್ಳೆ ಬೇಗ ಮರಳುತ್ತವೆ. ಬಿಪಿ ನೋಡದೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸದೆ ಶುರು ಮಾಡಿದರೆ ತಪ್ಪು. ವಾಹನವನ್ನು ಅಂಗಳದಲ್ಲಿ ಖಾಯಂ ನಿಲ್ಲಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಅಪ್ರೆಮಿಲಾಸ್ಟ್. 2017ರಿಂದ ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತಿರುವುದರಿಂದ ಕೈಗೆಟುಕುವ ಹಾಗಾಗಿದೆ. ಜಪಾನಿನಲ್ಲಿ ಇದನ್ನು ಪಿಪಿಪಿಯವರ ಮೇಲೇ ಪರೀಕ್ಷಿಸಿ, ಸುಳ್ಳು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಕಂಡುಕೊಂಡಿದ್ದಾರೆ. ಪದೇ ಪದೇ ರಕ್ತ ಪರೀಕ್ಷೆ ಬೇಡ, ಲ್ಯಾಬ್ ದೂರ ಇರುವ ಹಳ್ಳಿಯವರಿಗೆ ಇದು ಸಣ್ಣ ಮಾತಲ್ಲ. 10 ಮಿಲಿಗ್ರಾಂನಿಂದ ಶುರುಮಾಡಿ ಆರನೇ ದಿನಕ್ಕೆ 30 ಮಿಲಿಗ್ರಾಂ ಎರಡು ಹೊತ್ತು ಮಾಡುತ್ತಾರೆ. ಮೊದಲ ಎರಡು ವಾರ ಹೊಟ್ಟೆ ಕೆಡುತ್ತದೆ, ತಲೆನೋವು. ಸಾಕಷ್ಟು ಮಂದಿ ಇಲ್ಲೇ ಹೆದರಿ ಬಿಡುತ್ತಾರೆ, ತಡೆದುಕೊಂಡರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ತೂಕ ಇಳಿಯಬಹುದು. ಮನಸ್ಸು ಕುಗ್ಗುವ ತೊಂದರೆ ಮೊದಲೇ ಇದ್ದವರು ಡಾಕ್ಟರ್‌ಗೆ ಹೇಳಲೇಬೇಕು. ಟಿಬಿಗೆ ರಿಫಾಂಪಿಸಿನ್ ನುಂಗುತ್ತಿದ್ದರೆ ಇದು ಕೆಲಸ ಮಾಡುವುದಿಲ್ಲ. ಬಸುರಿಯರಿಗೆ ಇದೂ ಬೇಡ.

ನುಂಗುವ ಸ್ಟೀರಾಯ್ಡ್ ಬಗ್ಗೆ ಕಡಿಮೆ ಮಾತು ಸಾಕು: ಬೇಡ. ನುಂಗುವಾಗ ಸ್ವರ್ಗ, ನಿಲ್ಲಿಸಿದಾಗ ಗುಳ್ಳೆ ಮೊದಲಿಗಿಂತ ಜೋರಾಗಿ ಏಳುವ ಭಯ. ಹೆಸರಿಲ್ಲದ ಪುಡಿ, ಕಾಗದದಲ್ಲಿ ಕಟ್ಟಿಕೊಡುವ ಮಾತ್ರೆ ಮೂರೇ ದಿನದಲ್ಲಿ ಕೆಲಸ ಮಾಡಿದರೆ ಖುಷಿಪಡಬೇಡಿ, ಅನುಮಾನಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸ ಸುದ್ದಿ ಏನಲ್ಲ.

ಇಂಜೆಕ್ಷನ್: ದುಬಾರಿ, ಮತ್ತು ಇಲ್ಲೊಂದು ವಿಚಿತ್ರ

ಬಯಾಲಾಜಿಕ್ ಅನ್ನುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ಎಲ್ಲರಿಗೂ ಕುತೂಹಲ. ಪಿಪಿಪಿಗಾಗಿಯೇ ಮಂಜೂರಾದ ಬಯಾಲಾಜಿಕ್ ಬೇಕೆಂದರೆ ಜಪಾನಿನ ಕಡೆ ನೋಡಬೇಕು. ಅಲ್ಲಿ 2018ರಲ್ಲಿ ಗುಸೆಲ್ಕುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು, ಆಮೇಲೆ ಇನ್ನೂ ಒಂದೆರಡಕ್ಕೆ. ಮೊದಲ ದಿನ ಒಂದು, ನಾಲ್ಕು ವಾರ ಕಳೆದ ಮೇಲೆ ಇನ್ನೊಂದು, ಆಮೇಲೆ ಎಂಟು ವಾರಕ್ಕೊಮ್ಮೆ. ಸೋರಿಯಾಸಿಸ್‌ನಲ್ಲಿ ಇಂಥ ಇಂಜೆಕ್ಷನ್ ಮೂರು ತಿಂಗಳಲ್ಲಿ ಮಾಯ ಮಾಡುತ್ತದೆ. ಪಿಪಿಪಿಯಲ್ಲಿ ಹಾಗಲ್ಲ, ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತಾ ಹೋಗುತ್ತದೆ. ನಮ್ಮಲ್ಲಿ ಹೆಚ್ಚು ಹೆಸರು ಕೇಳುವ ಸೆಕುಕಿನುಮ್ಯಾಬ್ ಪಿಪಿಪಿಯ ದೊಡ್ಡ ಪರೀಕ್ಷೆಯಲ್ಲಿ 16 ವಾರದ ಗುರಿ ಮುಟ್ಟಲಿಲ್ಲ.

ವಿಚಿತ್ರ ಏನೆಂದರೆ, ಉರಿಯೂತ ಎಬ್ಬಿಸುವ ಟಿಎನ್ಎಫ್ ಅನ್ನುವ ಪ್ರೋಟೀನನ್ನು ತಡೆಯುವ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಸೋರಿಯಾಸಿಸ್‌ಗೆ ಔಷಧಿ, ಆದರೆ ಕೀಲುವಾತಕ್ಕೋ ಕರುಳಿನ ಕಾಯಿಲೆಗೋ ಅವನ್ನು ತೆಗೆದುಕೊಂಡ ಕೆಲವರಿಗೆ ಅದರಿಂದಲೇ ಅಂಗಾಲಿನಲ್ಲಿ ಕೀವುಗುಳ್ಳೆ ಹುಟ್ಟಿದೆ. ನಿಮ್ಮ ಗುಳ್ಳೆ ಇಂಥ ಇಂಜೆಕ್ಷನ್ ಶುರುವಾದ ಮೇಲೆ ಬಂದಿದ್ದರೆ ಅದನ್ನು ಚರ್ಮದ ಡಾಕ್ಟರ್‌ಗೆ ತಪ್ಪದೆ ಹೇಳಿ, ತಾವೇ ನಿಲ್ಲಿಸಬೇಡಿ. ಯಾವ ಬಯಾಲಾಜಿಕ್ ಆದರೂ ಮೊದಲು ಟಿಬಿ, ಹೆಪಟೈಟಿಸ್ ಪರೀಕ್ಷೆ ಆಗಲೇಬೇಕು, ನಮ್ಮ ದೇಶದಲ್ಲಂತೂ ಟಿಬಿ ಒಳಗೇ ಮಲಗಿರುವವರು ಬಹಳ.

ಟೊಫಾಸಿಟಿನಿಬ್, ಉಪಾಡಾಸಿಟಿನಿಬ್ ಅನ್ನುವ ಹೊಸ ಮಾತ್ರೆಗಳೂ ಇವೆ. ಕೆಲವು ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ವರದಿಗಳಿವೆ, ಟೊಫಾಸಿಟಿನಿಬ್ ಇಲ್ಲಿ ಅಗ್ಗವೂ ಹೌದು. ಅಗ್ಗ ಅನ್ನುವುದೇ ನನಗೆ ಭಯ. ರಕ್ತ ಹೆಪ್ಪುಗಟ್ಟುವುದು, ಸರ್ಪಸುತ್ತು, ಹೃದಯದ ತೊಂದರೆ ಇವುಗಳ ಎಚ್ಚರಿಕೆ ಇರುವ ಮಾತ್ರೆ ಇದು. 50 ದಾಟಿದ, ಸಿಗರೇಟು ಸೇದುವ ಪಿಪಿಪಿ ರೋಗಿಗೆ, ಅಂದರೆ ಈ ಕಾಯಿಲೆ ಹೆಚ್ಚಾಗಿ ಬರುವಂಥವರಿಗೇ, ಅಪಾಯ ಜಾಸ್ತಿ.

ಚೀಟಿಯಲ್ಲಿ ಬರೆಯದ ಚಿಕಿತ್ಸೆ

ಸಿಗರೇಟು ಅಂದೆ. ಯುರೋಪಿನ ಲೆಕ್ಕದಲ್ಲಿ ಪಿಪಿಪಿ ಇರುವ ಹೆಚ್ಚಿನವರು ಸೇದುವವರು ಅಥವಾ ಹಿಂದೆ ಸೇದುತ್ತಿದ್ದವರು. ಬೆವರಿನ ನಾಳದ ಸುತ್ತ ನಿಕೋಟಿನ್ ಹಿಡಿಯುವ ಕೊಂಡಿಗಳಿವೆ, ಅಲ್ಲೇ ಗುಳ್ಳೆ ಏಳುವುದೂ. ಬಿಟ್ಟ ಕೂಡಲೇ ವಾಸಿಯಾಗುತ್ತದೆ ಅಂತ ಯಾರೂ ಹೇಳುವುದಿಲ್ಲ, ಆದರೆ ಬಿಟ್ಟವರಿಗೆ ಕಡಿಮೆಯಾದ ಉದಾಹರಣೆಗಳಿವೆ. ಇಷ್ಟೆಲ್ಲ ಔಷಧಿಗಳಲ್ಲಿ ಲಿವರ್ ಟೆಸ್ಟ್ ಬೇಡದ, ದುಡ್ಡು ಉಳಿಸುವ ಚಿಕಿತ್ಸೆ ಇದೊಂದೇ ಅಲ್ವಾ? ನಾನು ಸೇದುವವಳಲ್ಲ, ಆದ್ದರಿಂದ ನನಗೆ ಆ ಬಾಗಿಲು ಇರಲಿಲ್ಲ. ಡಾಕ್ಟರ್ ಮೊದಲ ದಿನ ಕೇಳಿದಾಗ ನಾನು ಸಿಟ್ಟು ಮಾಡಿಕೊಂಡಿದ್ದೆ, ಈಗ ಅರ್ಥ ಆಗುತ್ತದೆ.

ಜಪಾನಿನವರು ಇನ್ನೊಂದು ದಾರಿ ಹಿಡಿದಿದ್ದಾರೆ. ದೇಹದ ಯಾವುದೋ ಮೂಲೆಯಲ್ಲಿ ಹಳೇ ಸೋಂಕು ಅವಿತಿದ್ದರೆ ಅದೇ ಕಾಲಿನ ಗುಳ್ಳೆಗೆ ಕಿಚ್ಚು ಹಚ್ಚುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ಹುಳುಕು ಹಲ್ಲು, ವಸಡಿನ ಕೀವು ಹುಡುಕುತ್ತಾರೆ, ಗಂಟಲಿನ ಟಾನ್ಸಿಲ್‌ಗಳನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ಅದರಿಂದ ಸುಧಾರಿಸಿದವರ ವರದಿಗಳು ಅಲ್ಲಿ ಬಹಳ ಇವೆ, ಬೇರೆ ದೇಶದ ಡಾಕ್ಟರ್‌ಗಳು ಅಷ್ಟು ಒಪ್ಪಿಲ್ಲ. ನನ್ನ ಲೆಕ್ಕ ಹೀಗೆ: ಟಾನ್ಸಿಲ್ ಆಪರೇಷನ್‌ಗೆ ಓಡಬೇಡಿ, ಆದರೆ ನೀರು ಕುಡಿದರೆ ಜುಮ್ಮೆನ್ನುವ ಹಲ್ಲು ಎರಡು ವರ್ಷದಿಂದ ಇದ್ದರೆ ಅದನ್ನು ಸರಿ ಮಾಡಿಸಿ. ಹೇಗೂ ಮಾಡಿಸಬೇಕಾದ್ದೇ. ಥೈರಾಯ್ಡ್ ಟೆಸ್ಟ್ ಕೂಡ ಒಂದು ಸಲ ಮಾಡಿಸಿ, ಈ ಕಾಯಿಲೆಯವರಲ್ಲಿ ಆ ತೊಂದರೆ ಹೆಚ್ಚು ಕಾಣುತ್ತದೆ.

ಹಾಗಾದರೆ ಯಾರಿಗೆ ಯಾವುದು

28 ವರ್ಷದ, ಇನ್ನೂ ಮಕ್ಕಳಾಗಬೇಕಿರುವ ಹೆಣ್ಣುಮಗಳಾದರೆ ಅಸಿಟ್ರೆಟಿನ್, ಮೆಥೊಟ್ರೆಕ್ಸೇಟ್ ಎರಡನ್ನೂ ಬದಿಗಿಡಿ. ಮುಲಾಮು, ನ್ಯಾರೋಬ್ಯಾಂಡ್ ಬೆಳಕು (ಅಂಗಾಲಿಗೆ ಅಷ್ಟು ಇಳಿಯದಿದ್ದರೂ ಇದರಲ್ಲಿ ಸೋರಲೆನ್ ಇಲ್ಲ), ತೀರಾ ಬೇಕಾದರೆ ಡಾಕ್ಟರ್ ಕಣ್ಗಾವಲಿನಲ್ಲಿ ಸ್ವಲ್ಪ ಕಾಲ ಸೈಕ್ಲೋಸ್ಪೊರಿನ್. ಮಗು ಬೇಕು ಅನ್ನುವ ಯೋಚನೆ ಇದೆ ಅಂತ ಮೊದಲ ಭೇಟಿಯಲ್ಲೇ ಹೇಳಿ, ಡಾಕ್ಟರ್ ಕೇಳಲಿಲ್ಲ ಅಂತ ಸುಮ್ಮನಿರಬೇಡಿ.

ಮುಟ್ಟು ನಿಂತ, ಲಿವರ್ ಚೆನ್ನಾಗಿರುವ ನನ್ನಂಥವರಿಗೆ ಅಸಿಟ್ರೆಟಿನ್, ಜೊತೆಗೆ ಪೂವಾ ಸಿಕ್ಕರೆ ಒಳ್ಳೆಯ ಜೋಡಿ. ತುಟಿಗೆ ತುಪ್ಪ ರೆಡಿ ಇಟ್ಟುಕೊಳ್ಳಿ.

ಊರಿಂದ ಆಸ್ಪತ್ರೆಗೆ ಮೂರು ಗಂಟೆ ಬಸ್ಸು, ಅಡಿಕೆ ತೋಟವೋ ಅಂಗಡಿಯೋ ಬಿಟ್ಟು ಬರಲು ಆಗದವರಿಗೆ ವಾರಕ್ಕೆ ಮೂರು ಸಲದ ಪೂವಾ ಚೀಟಿಯಲ್ಲಿ ಮಾತ್ರ ಉಳಿಯುತ್ತದೆ. ಅಂಥವರಿಗೆ ಅಪ್ರೆಮಿಲಾಸ್ಟ್ ಬಗ್ಗೆ ಕೇಳಿ. ಬಿಪಿ, ಶುಗರ್ ಇದ್ದು ಕಿಡ್ನಿಯೂ ಸ್ವಲ್ಪ ಸೋತಿದ್ದರೆ ಸೈಕ್ಲೋಸ್ಪೊರಿನ್ ಹತ್ತಿರ ಹೋಗಬೇಡಿ. ಅವರಿಗೆ ಬೆಳಕು ವಾಸಿ. ಶುಗರ್ ಇರುವವರು ಕಾಲಿನ ಒಡಕಿನಲ್ಲಿ ನಿಜವಾದ ಸೋಂಕು ಸೇರಿದೆಯಾ ಅಂತಲೂ ನೋಡುತ್ತಿರಬೇಕು: ಕಾಲು ಬಿಸಿಯಾಗಿ ಊದಿ, ಕೆಂಪು ಮೇಲಕ್ಕೆ ಏರಿ, ಜ್ವರ ಬಂದರೆ ಅದು ಪಿಪಿಪಿ ಅಲ್ಲ, ಅವತ್ತೇ ಆಸ್ಪತ್ರೆ.

ಎದೆಮೂಳೆ ನೋವು, ಬೆನ್ನು ನೋವು ಇದ್ದವರು ಚರ್ಮದ ಡಾಕ್ಟರ್ ಜೊತೆ ಕೀಲುವಾತದ ಡಾಕ್ಟರನ್ನೂ ನೋಡಿ. ಬಯಾಲಾಜಿಕ್ ಮಾತು ನಿಜವಾಗಿ ಶುರುವಾಗಬೇಕಾದ್ದು ಅಲ್ಲಿ.

ಗುಳ್ಳೆ ಸ್ವಲ್ಪವೇ ಇದ್ದು, ನಡೆಯಲು ತೊಂದರೆ ಇಲ್ಲದವರು ಏನೂ ದೊಡ್ಡದು ಮಾಡಬೇಡಿ. ವಾರಾಂತ್ಯಕ್ಕೆ ಮುಲಾಮು, ದಿನಾ ಜಿಡ್ಡು, ಮೆತ್ತನೆ ಅಟ್ಟೆಯ ಅಗಲ ಚಪ್ಪಲಿ. ನಾನೂ ಈಗ ಅಷ್ಟರಲ್ಲೇ ಇದ್ದೇನೆ. ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಮಾತ್ರ ಬಿಟ್ಟಿದ್ದೇನೆ, ಬೆಳಗಿನ ಜಾವ ಹೋಗಿ ಬರುತ್ತೇನೆ.

ಡಾಕ್ಟರ್ ಹತ್ತಿರ ಹೋಗುವ ದಿನ ಕಾಲಿಗೆ ಏನೂ ಹಚ್ಚದೆ, ಗುಳ್ಳೆ ಒಡೆಯದೆ ಹೋಗಿ. ಹಳೇ ಚೀಟಿಗಳ ಜೊತೆ ಇಲ್ಲಿಯವರೆಗೆ ಹಚ್ಚಿದ ಟ್ಯೂಬ್‌ಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾನು ಹನ್ನೊಂದು ಟ್ಯೂಬ್ ಒಯ್ದಿದ್ದೆ. ಡಾಕ್ಟರಮ್ಮ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಕನ್ನಡಕ ಏರಿಸಿ ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದಿ, ಏಳನ್ನು ಒಂದು ಕಡೆ ಸರಿಸಿದರು. ಏಳು ಬೇರೆ ಬೇರೆ ಹೆಸರು, ಒಳಗೆ ಒಂದೇ ಔಷಧಿ.